ಒಂದು ದಿನದ ಗಾರೆ



ತಲೆಂತುಗಳ ಸಾಮತಿಯನ್ನು (ಮತ್ತಾಯ 25:14-30) ನಾವು ಹೆಚ್ಚಾಗಿ ಹಣದ ಲೆಕ್ಕದಲ್ಲೋ ಧರ್ಮಕೇಂದ್ರದ ಸೇವೆಯ ಲೆಕ್ಕದಲ್ಲೋ ಕೇಳುತ್ತೇವೆ. ಈ ವಾರ ಅದನ್ನು ಬೇರೊಂದು ಕಡೆಯಿಂದ ನೋಡೋಣ. ನಿಮ್ಮಲ್ಲಿ ಕೆಲವರು ಚಿತ್ರ ಬರೆಯುವವರಿದ್ದೀರಿ. ಕೆಲಸ ಮುಗಿಸಿ ಬಂದ ಮೇಲೆ, ಮಕ್ಕಳು ಮಲಗಿದ ಮೇಲೆ, ಊಟದ ಮೇಜಿನ ಮೇಲೆ ಬಣ್ಣದ ಪೆಟ್ಟಿಗೆ ತೆರೆಯುವವರು. ಕ್ರಿಸ್ಮಸ್ ಬಂತೆಂದರೆ ಗೋದಲಿಯ ಹಿಂದಿನ ಪರದೆಗೆ ಬೆತ್ಲೆಹೇಮಿನ ಗುಡ್ಡ, ನಕ್ಷತ್ರ ಬರೆದುಕೊಡುವವರೂ ನೀವೇ. ಆದರೆ ಮನೆಗಳಿಗೆ ಭೇಟಿ ಕೊಟ್ಟಾಗ ನಾನು ಹೆಚ್ಚಾಗಿ ಕೇಳುವ ಮಾತು ಇದು: “ಮೊದಲು ಬರೆಯುತ್ತಿದ್ದೆ ಫಾದರ್, ಈಗ ಬಿಟ್ಟಿದ್ದೇನೆ. ಚೆನ್ನಾಗಿ ಬರುವುದಿಲ್ಲ.”

ಇದಕ್ಕೆ ಸೋಮಾರಿತನ ಕಾರಣವೆಂದು ನನಗೆ ಅನಿಸುವುದಿಲ್ಲ. ತಲೆಂತನ್ನು ನೆಲದಲ್ಲಿ ಹೂತಿಟ್ಟ ಸೇವಕ ಒಡೆಯನ ಮುಂದೆ ಹೇಳಿದ ಕಾರಣ ಭಯ. ಚಿತ್ರ ಕಲಿಯುವವರಿಗೆ ಈ ಭಯ ವಿಚಿತ್ರ ರೀತಿಯಲ್ಲಿ ಬರುತ್ತದೆ. ಅವರ ಕಣ್ಣು ಕೈಗಿಂತ ಬೇಗ ಬೆಳೆಯುತ್ತದೆ. ಹೋದ ವರ್ಷ ತಾವೇ ಮೆಚ್ಚಿದ ಮುಖಚಿತ್ರದಲ್ಲಿ ಎರಡು ಕಣ್ಣೂ ಒಂದೇ ಮಟ್ಟದಲ್ಲಿಲ್ಲವೆಂಬುದು ಈ ವರ್ಷ ಕಾಣಿಸುತ್ತದೆ. ಆಗ ‘ನನ್ನ ಕೈ ಕೆಟ್ಟಿತು’ ಎಂದುಕೊಳ್ಳುತ್ತಾರೆ. ಕೈ ಕೆಟ್ಟಿಲ್ಲ, ನೋಟ ಹರಿತವಾಗಿದೆ. ಜೊತೆಗೆ, ಮೊಬೈಲ್ ತೆರೆದರೆ ಲೋಕದ ನುರಿತ ಕಲಾವಿದರೆಲ್ಲ ಎದುರಿಗೆ ನಿಲ್ಲುತ್ತಾರೆ. ಐದು ತಲೆಂತಿನವನ ಜೊತೆ ಒಂದು ತಲೆಂತಿನವನು ಹೋಲಿಸಿಕೊಂಡರೆ ಗುದ್ದಲಿ ಹುಡುಕದೆ ಇನ್ನೇನು ಮಾಡಿಯಾನು?

ಹಾಲೆಂಡಿನ ವಿನ್ಸೆಂಟ್ ವ್ಯಾನ್ ಗೋ ಪ್ರೊಟೆಸ್ಟಂಟ್ ಬೋಧಕರೊಬ್ಬರ ಮಗ. ತಾನೂ ಬೆಲ್ಜಿಯಮ್ಮಿನ ಗಣಿ ಕಾರ್ಮಿಕರಿಗೆ ಬೋಧಿಸಲು ಹೋದ. 1879ರಲ್ಲಿ ಆ ಕೆಲಸವೂ ಕೈತಪ್ಪಿತು. ಚಿತ್ರಕಾರನಾಗುವೆನೆಂದು 1880ರಲ್ಲಿ ನಿರ್ಧರಿಸಿದಾಗ ಅವನಿಗೆ 27 ವರ್ಷ. ಷಾರ್ಲ್ ಬಾರ್ಗ್ ಎಂಬಾತನ ಅಭ್ಯಾಸದ ಹಾಳೆಗಳನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ನಕಲು ಮಾಡಿದ. ಹತ್ತು ವರ್ಷಗಳ ನಂತರ, 1890ರಲ್ಲಿ, ಇಂದು ಜಗತ್ತೇ ಕೊಂಡಾಡುವ ಚಿತ್ರಗಳನ್ನು ಬರೆದಾದ ಮೇಲೂ, ಅದೇ ಹಾಳೆಗಳನ್ನು ಕಳುಹಿಸೆಂದು ತಮ್ಮ ಥಿಯೋನಿಗೆ ಪತ್ರ ಬರೆದ! ಅದೇ ವರ್ಷ ಆಸ್ಪತ್ರೆಯಲ್ಲಿದ್ದಾಗ ರೆಂಬ್ರಾಂಟನ ಮುದ್ರಿತ ಚಿತ್ರವೊಂದನ್ನು ನೋಡಿ ಲಾಜರನ ಪುನರುತ್ಥಾನವನ್ನು ತನ್ನದೇ ಬಣ್ಣಗಳಲ್ಲಿ ಬರೆದ. ನಕಲು ಮಾಡಲು ನಾಚುವವರು ಇದನ್ನು ಗಮನಿಸಬೇಕು.

ಇನ್ನು ನಮ್ಮ ನಾಡಿನದೇ ಒಂದು ಗೋಡೆಯ ಮಾತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅನ್ನು ನೋಡದವರು ವಿರಳ. ಅಲ್ಲಿನ ಚಿತ್ರಗಳನ್ನು ಬರೆದವರು ಇಟಲಿಯ ಯೇಸುಸಭೆಯ ಬ್ರದರ್ ಅಂತೋನಿಯೋ ಮೊಸ್ಕೇನಿ. 1899ರಿಂದ 1901ರವರೆಗಿನ ದುಡಿಮೆ. ಅವರು ಹವ್ಯಾಸಿಯಲ್ಲ, ಶಾಸ್ತ್ರೀಯವಾಗಿ ಕಲಿತವರು. ಆದರೆ ಹಸಿ ಗಾರೆಯ ಚಿತ್ರ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾಳಿ ತಾಗಿ ಸುಣ್ಣ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ಹಚ್ಚಿದ್ದು ಹಾಗೆ ಹಿಡಿಯುವುದಿಲ್ಲ. ಆದ್ದರಿಂದ ಈ ಕಲೆಯ ಕ್ರಮವೇನೆಂದರೆ, ಆ ದಿನ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುವುದು. ಒಂದು ದಿನ ಒಬ್ಬ ಸಂತರ ಮುಖ, ಇನ್ನೊಂದು ದಿನ ಅಂಗಿಯ ಮಡಿಕೆ, ಮತ್ತೊಂದು ದಿನ ಬರಿಯ ಆಕಾಶ.

ಸಂಜೆ ಅರ್ಧ ಗಂಟೆ ಸಿಗುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ತಿಳಿದಿಲ್ಲ. ಇಡೀ ಚಿತ್ರವನ್ನು ನೆನೆದು ಹೆದರಬೇಡಿ. ಇಂದು ಒಂದು ಕೈ ಮಾತ್ರ, ನಿಮ್ಮದೇ ಎಡಗೈ ಆದರೂ ಸರಿ. ಹಾಳೆಯ ಹಿಂದೆ ತಾರೀಖು ಬರೆದಿಡಿ, ಹರಿದು ಹಾಕಬೇಡಿ. ತಪಸ್ಸುಕಾಲದ ಮೊದಲ ವಾರದ ಕೈಯನ್ನು ಪಾಸ್ಕ ಹಬ್ಬದ ದಿನದ ಕೈಯ ಪಕ್ಕದಲ್ಲಿಟ್ಟು ನೋಡಿ. ಹೋಲಿಸಿಕೊಳ್ಳಲು ಪರರ ಚಿತ್ರ ಬೇಕಾಗುವುದಿಲ್ಲ.

ಮನೆಯವರಿಗೂ ಒಂದು ಮಾತು. ಥಿಯೋ ತನ್ನ ಸಂಬಳದಿಂದ ಅಣ್ಣನಿಗೆ ವರ್ಷಗಟ್ಟಲೆ ಹಣವನ್ನೂ ಬಣ್ಣವನ್ನೂ ಕಳುಹಿಸಿದ. ನಿಮ್ಮಿಂದ ಅಷ್ಟನ್ನು ಯಾರೂ ಕೇಳುತ್ತಿಲ್ಲ. “ಇದರಿಂದ ಎಷ್ಟು ಸಿಗುತ್ತದೆ?” ಎಂಬ ಪ್ರಶ್ನೆಯನ್ನು ನುಂಗಿಕೊಂಡು, ಊಟವಾದ ಮೇಲೆ ಮೇಜನ್ನು ಒರೆಸಿ ಅರ್ಧ ಗಂಟೆ ಅವರಿಗೆ ಬಿಟ್ಟುಕೊಡಿ.