ಹೊಳೆ ದಾಟಿದ ಮೇಲೆ



'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?' ಎಂಬ ಗಾದೆಯನ್ನು ನಾವು ಬಳಸುವುದು ಇತರರನ್ನು ಹಳಿಯುವಾಗ. ನಮಗೇ ಅದನ್ನು ಅನ್ವಯಿಸಿಕೊಳ್ಳುವುದು ಅಪರೂಪ. ಕಷ್ಟಕಾಲದಲ್ಲಿ ಯಾರೋ ಕೈಹಿಡಿದರು, ನಾವು ದಡ ಸೇರಿದೆವು. ಆ ಅಂಬಿಗ ಈಗ ಎಲ್ಲಿದ್ದಾನೋ ತಿಳಿಯದು, ಬದುಕಿದ್ದಾನೋ ಇಲ್ಲವೋ ಅದೂ ತಿಳಿಯದು. ಹಾಗಾದರೆ ನಮ್ಮ ಋಣ ತೀರಿತೇ? ತೀರಿಲ್ಲವಾದರೆ ಅದನ್ನು ಯಾರಿಗೆ ಸಲ್ಲಿಸಬೇಕು?

ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರೊಬ್ಬರನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವರೊಬ್ಬ ಚಿತ್ರನಟಿ. ಧರ್ಮಸಭೆಯ ಪತ್ರಿಕೆಯಲ್ಲಿ ಚಿತ್ರನಟಿಯ ಮಾತೇ ಎಂದು ಹುಬ್ಬೇರಿಸಬೇಡಿ. ನಿಜವಾದ ನೆರೆಯವನು ಯಾರೆಂದು ತೋರಿಸಲು ಪ್ರಭು ಯೇಸು ಆರಿಸಿಕೊಂಡದ್ದು ಯಾಜಕನನ್ನಲ್ಲ, ಲೇವಿಯನನ್ನೂ ಅಲ್ಲ, ಒಬ್ಬ ಸಮಾರಿಯದವನನ್ನು.

ಆಡ್ರಿ ಹೆಪ್‌ಬರ್ನ್ ಹುಟ್ಟಿದ್ದು 1929ರ ಮೇ 4ರಂದು, ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ. ತಾಯಿ ಹಾಲೆಂಡಿನವರು. ಮಗಳಿಗೆ ಆರು ವರ್ಷವಾಗುವಷ್ಟರಲ್ಲಿ ತಂದೆ ಮನೆ ಬಿಟ್ಟು ಹೋದರು. ಯುದ್ಧ ಆರಂಭವಾದಾಗ ಹಾಲೆಂಡ್ ಸುರಕ್ಷಿತವೆಂದು ನಂಬಿ ತಾಯಿ ಮಗಳನ್ನು ಅಲ್ಲಿಗೆ ಕರೆತಂದರು. ಆದರೆ 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಆ ದೇಶವನ್ನೇ ಆಕ್ರಮಿಸಿತು. ಎರಡು ವರ್ಷಗಳ ಬಳಿಕ ಆಡ್ರಿಯ ದೊಡ್ಡಮ್ಮನ ಗಂಡನನ್ನು ಗುಂಡಿಟ್ಟು ಕೊಂದರು.

1944ರ ಚಳಿಗಾಲವನ್ನು ಹಾಲೆಂಡಿನ ಜನ ಇಂದಿಗೂ 'ಹಸಿವಿನ ಚಳಿಗಾಲ' ಎಂದು ಕರೆಯುತ್ತಾರೆ. ಅಲ್ಲಿನ ರೈಲ್ವೆ ನೌಕರರು ಮುಷ್ಕರ ಹೂಡಿದ್ದರು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಿಸುವುದನ್ನು ತಡೆದರು. ಅನಂತರ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳೂ ನಿಂತವು. ಜನ ಟುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. ಯುದ್ಧರಂಗದ ಅಂಚಿನಲ್ಲಿದ್ದ ಆಡ್ರಿಯ ಊರೂ ಹಸಿವಿನಿಂದ ಪಾರಾಗಲಿಲ್ಲ. 15 ವರ್ಷದ ಆ ಹುಡುಗಿ ರಕ್ತಹೀನತೆಯಿಂದ ಬಳಲಿದಳು, ಕಾಲುಗಳು ಬಾತುಕೊಂಡವು. 1945ರ ಏಪ್ರಿಲ್‌ನಲ್ಲಿ ಬಿಡುಗಡೆ ಬಂದಾಗ ಅದರ ಬೆನ್ನಿಗೇ ಪರಿಹಾರ ಸಂಸ್ಥೆಯ ಆಹಾರ, ಔಷಧಿ, ಹೊದಿಕೆಗಳು ಬಂದವು. ಆ ಡಬ್ಬಿಗಳನ್ನು ತುಂಬಿ ಕಳುಹಿಸಿದ ಕೈಗಳು ಯಾರವೆಂದು ಆಕೆಗೆ ತಿಳಿಯಲು ಸಾಧ್ಯವಿರಲಿಲ್ಲ.

ಮುಂದಿನದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1953ರ 'ರೋಮನ್ ಹಾಲಿಡೇ' ಚಿತ್ರ ಅವರಿಗೆ ಆಸ್ಕರ್ ತಂದಿತು. 1959ರ 'ದಿ ನನ್ಸ್ ಸ್ಟೋರಿ'ಯಲ್ಲಿ ಕಾಂಗೋ ದೇಶದ ಆಸ್ಪತ್ರೆಯಲ್ಲಿ ಸೇವೆ ಮಾಡುವ ಕನ್ಯಾಸ್ತ್ರೀಯಾಗಿ ಅಭಿನಯಿಸಿದರು. ಹಣ ಬಂತು, ಹೆಸರು ಬಂತು. ಹೊಳೆ ದಾಟಿಯಾಗಿತ್ತು.

ಆದರೆ 1988ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ನೆಮ್ಮದಿಯ ಮನೆ ಬಿಟ್ಟು ಅವರು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನ ಪರವಾಗಿ ಇಥಿಯೋಪಿಯಾಕ್ಕೆ ಹೊರಟರು. ಬರಗಾಲವೂ ಅಂತರ್ಯುದ್ಧವೂ ಒಟ್ಟಿಗೆ ಬಡಿದಿದ್ದ ಮೆಕೆಲೆಯಲ್ಲಿ 500 ಮಕ್ಕಳ ಅನಾಥಾಲಯವನ್ನು ಕಂಡರು. ಅನಂತರ ಸುಡಾನ್, ಬಾಂಗ್ಲಾದೇಶ, ವಿಯೆಟ್ನಾಂ, ಮಧ್ಯ ಅಮೆರಿಕದ ದೇಶಗಳು. 1992ರ ಸೆಪ್ಟೆಂಬರ್‌ನಲ್ಲಿ ಸೊಮಾಲಿಯಾಕ್ಕೆ ಹೋದರು. ಅಲ್ಲಿಂದ ಮರಳಿದ ಸ್ವಲ್ಪದರಲ್ಲೇ ಕ್ಯಾನ್ಸರ್ ಇರುವುದು ತಿಳಿಯಿತು. 1993ರ ಜನವರಿ 20ರಂದು, 63ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟೆಲ್ಲ ಏಕೆ ಎಂದು ಕೇಳಿದವರಿಗೆ ಅವರು ಮತ್ತೆ ಮತ್ತೆ ಹೇಳಿದ ಕಾರಣ ಒಂದೇ: ಯುದ್ಧದ ಬಳಿಕ ಅಂಥ ನೆರವನ್ನು ಉಂಡು ಬದುಕಿದ ಮಕ್ಕಳಲ್ಲಿ ನಾನೂ ಒಬ್ಬಳು. ನಡುವೆ 43 ವರ್ಷ ಕಳೆದಿತ್ತು. ಋಣಕ್ಕೆ ವಾಯಿದೆ ಮುಗಿಯುವುದಿಲ್ಲವೆಂದು ಅವರು ತಿಳಿದಿದ್ದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಉಳ್ಳವನು ಇಲ್ಲದವನಿಗೆ ಕೊಡುವಾಗ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ಆ ಎತ್ತರದಲ್ಲಿ ಅಹಂಕಾರ ಗೂಡು ಕಟ್ಟುವುದು ಸುಲಭ. ಆದರೆ ಸಾಲಗಾರನಾಗಿ ಕೊಡುವವನಿಗೆ ಯಾವ ಎತ್ತರವೂ ಇಲ್ಲ. ತಾನು ಪಡೆದದ್ದನ್ನು ಅವನು ಮುಂದಕ್ಕೆ ದಾಟಿಸುತ್ತಾನೆ, ಅಷ್ಟೇ. ಸಂತ ತೋಮಾಸ್ ಅಕ್ವಿನಾಸರು ಕೃತಜ್ಞತೆಯನ್ನು ಬರಿಯ ಸಭ್ಯತೆಯ ಸಾಲಿನಲ್ಲಿ ಇಡಲಿಲ್ಲ, ನ್ಯಾಯವೆಂಬ ಸದ್ಗುಣದ ಬಳಗದಲ್ಲಿ ಇಟ್ಟರು. ಪಡೆದಷ್ಟನ್ನೇ ಹಿಂತಿರುಗಿಸಿದರೆ ಕೃತಜ್ಞತೆ ಪೂರ್ಣವಾಗದು, ಅದಕ್ಕಿಂತ ಹೆಚ್ಚು ಕೊಡಲು ಅದು ಹಾತೊರೆಯುತ್ತದೆ ಎಂದರು.

ಪವಿತ್ರ ಗ್ರಂಥದಲ್ಲೂ ಇದೇ ತರ್ಕವಿದೆ. ಹೊಲದಲ್ಲಿ ಮರೆತ ಸಿವುಡನ್ನು ಪರದೇಶಿಗೂ ಅನಾಥನಿಗೂ ವಿಧವೆಗೂ ಬಿಡಬೇಕೆಂದು ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ. ಕಾರಣ? ನೀನು ಧನಿಕನೆಂದಲ್ಲ. ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ, ಅದನ್ನು ನೆನಪಿಡು ಎಂದು.

'ಕಷ್ಟಪಟ್ಟವರಿಗೆ ಕರುಣೆ ತಾನಾಗಿ ಬರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ?' ಎಂದು ನೀವು ಕೇಳಬಹುದು. ಹಾಗೇನೂ ಇಲ್ಲ. ಅತ್ತೆಯಿಂದ ಪೆಟ್ಟು ತಿಂದ ಸೊಸೆ ತಾನು ಅತ್ತೆಯಾದಾಗ ಅದೇ ಸೌಟನ್ನು ಎತ್ತುವುದನ್ನು ನಾವು ಕಂಡಿಲ್ಲವೇ? ಹಸಿವನ್ನು ಕಂಡವರಲ್ಲಿ ಕೆಲವರು ಹಂಚುತ್ತಾರೆ, ಕೆಲವರು ಜೀವನವಿಡೀ ಬಚ್ಚಿಡುತ್ತಾರೆ. ಸಂತ ಮತ್ತಾಯರ ಶುಭಸಂದೇಶದ ಆ ಸೇವಕನಿಗೆ ಒಡೆಯನು ಅಪಾರ ಸಾಲವನ್ನು ಮನ್ನಾ ಮಾಡಿದ್ದ. ಹೊರಗೆ ಬಂದವನೇ ಅವನು ಅಲ್ಪ ಸಾಲಕ್ಕಾಗಿ ಜೊತೆ ಸೇವಕನ ಕುತ್ತಿಗೆ ಹಿಡಿದ. ಪಡೆದದ್ದು ಅವನನ್ನು ಬದಲಿಸಲಿಲ್ಲ. ನೆನಪು ಮುಷ್ಟಿಯೂ ಆಗಬಹುದು, ತೆರೆದ ಅಂಗೈಯೂ ಆಗಬಹುದು. ಆರಿಸಿಕೊಳ್ಳಬೇಕಾದವರು ನಾವು.

'ಕ್ಯಾಮೆರಾ ಮುಂದೆ ಮಾಡಿದ ಸೇವೆ ಸೇವೆಯೇ?' ಎಂಬ ಸಂದೇಹವೂ ನ್ಯಾಯವಾದುದೇ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಪ್ರಭು ಹೇಳಿದ್ದಾರೆ. ಆದರೆ ಯುನಿಸೆಫ್ ನಡೆಯುವುದು ಸರ್ಕಾರಗಳೂ ಜನರೂ ಸ್ವಇಚ್ಛೆಯಿಂದ ಕೊಡುವ ಹಣದಿಂದಲೇ. ಜನ ನೋಡದಿದ್ದರೆ ಕೊಡುವುದಿಲ್ಲ. ತಮ್ಮ ಕಡೆಗೆ ತಿರುಗುತ್ತಿದ್ದ ಕ್ಯಾಮೆರಾವನ್ನು ಆಡ್ರಿ ಹಸಿದ ಮಕ್ಕಳ ಕಡೆಗೆ ತಿರುಗಿಸಿದರು. ದೀಪ ಯಾರ ಮುಖ ಬೆಳಗಿಸುತ್ತಿದೆ ಎಂಬುದೇ ಪರೀಕ್ಷೆ.

ಅವರನ್ನು ಸಂತಳೆಂದು ನಾನು ಹೇಳುತ್ತಿಲ್ಲ. ಅವರ ಎರಡು ವಿವಾಹಗಳೂ ವಿಚ್ಛೇದನದಲ್ಲಿ ಕೊನೆಗೊಂಡವು. ಆ ನೋವನ್ನು ತೂಗುವುದು ದೇವರ ಕೆಲಸ. ನಮಗೆ ಬೇಕಾದದ್ದು ಅವರು ಮರೆಯದೆ ಉಳಿಸಿಕೊಂಡ ಆ ಒಂದು ನೆನಪು.

ನಮ್ಮ ಊರುಗಳಲ್ಲೂ ಇಂಥ ನೆನಪುಗಳಿಗೆ ಕೊರತೆಯಿಲ್ಲ. ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದು, ಹಾಲಿನ ಪುಡಿಯ ಹಾಲು ಕುಡಿದು ಬೆಳೆದ ಹಿರಿಯರು ನಿಮ್ಮ ಮನೆಯಲ್ಲೇ ಇರಬಹುದು. ಆ ಗೋಧಿ ಬೆಳೆದ ರೈತನ ಹೆಸರು ಅವರಿಗೆ ಗೊತ್ತಿಲ್ಲ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಶುಲ್ಕವಿಲ್ಲದೆ ಓದಿದವರಿದ್ದಾರೆ. ಪರೀಕ್ಷೆಯ ಶುಲ್ಕವನ್ನು ಸದ್ದಿಲ್ಲದೆ ಕಟ್ಟಿದ ಶಿಕ್ಷಕರನ್ನು ನೆನೆಯುವವರಿದ್ದಾರೆ. ಇಂದು ಅವರ ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುತ್ತಿದ್ದಾರೆ. ಅದೇ ಮನೆಗಳಲ್ಲಿ 'ಬಡವರಿಗೆ ಕೊಟ್ಟು ಕೊಟ್ಟು ಅವರು ಸೋಮಾರಿಗಳಾಗಿದ್ದಾರೆ' ಎಂಬ ಮಾತು ಕೇಳಿಬಂದರೆ ಅದಕ್ಕೆ ಏನೆನ್ನಬೇಕು? ಅಂದು ನಮಗೆ ಕೊಟ್ಟವರು ಹಾಗೆಯೇ ಯೋಚಿಸಿದ್ದರೆ ನಾವು ಎಲ್ಲಿರುತ್ತಿದ್ದೆವು?

ಈ ವಾರ ಒಂದು ಸಂಜೆ, ಜಪಸರ ಮುಗಿದ ಮೇಲೆ ಐದು ನಿಮಿಷ ಹಾಗೆಯೇ ಕುಳಿತುಕೊಳ್ಳಿ. ಈ ಕುಟುಂಬಕ್ಕೆ ಯಾವ ಯಾವ ಕೈಗಳು ನೆರವಾದವು ಎಂದು ಹಿರಿಯರು ಮಕ್ಕಳಿಗೆ ಹೇಳಲಿ. ಅಜ್ಜನ ಬಡತನವನ್ನು ಮುಚ್ಚಿಡಬೇಡಿ, ಅದು ಮಕ್ಕಳ ಆಸ್ತಿ. ಬಳಿಕ ಒಂದು ಋಣವನ್ನು ಆರಿಸಿ, ಅದನ್ನು ಇಂದು ಯಾರಿಗೆ ಸಲ್ಲಿಸಬಹುದೆಂದು ಒಟ್ಟಾಗಿ ನಿರ್ಧರಿಸಿ. ಪಕ್ಕದ ಮನೆಯ ಮಗುವಿನ ಪುಸ್ತಕವಾಗಬಹುದು, ಒಬ್ಬ ರೋಗಿಯ ಔಷಧಿಯಾಗಬಹುದು.

ಅಂಬಿಗ ಸಿಗದಿದ್ದರೂ ಚಿಂತೆಯಿಲ್ಲ. ಆಚೆ ದಡದಲ್ಲಿ ಇನ್ನೂ ಜನ ಕಾಯುತ್ತಿದ್ದಾರೆ. ಅವರಿಗೆ ನೀಡಿದ್ದನ್ನು ತನಗೇ ನೀಡಿದಂತೆ ಸ್ವೀಕರಿಸುವ ಪ್ರಭುವೂ ಅವರ ನಡುವೆಯೇ ನಿಂತಿದ್ದಾರೆ.