ಇರುಳಿನ ಬೀಡು

ಹಗಲಿನಲ್ಲಿ ದಾರಿ ಎಲ್ಲರದು. ಕತ್ತಲಾದೊಡನೆ ಅದು ಯಾರದೋ ಆಗುತ್ತದೆ. ಮಧ್ಯಾಹ್ನದ ಹೊತ್ತಿನಲ್ಲಿ ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಬುತ್ತಿಯನ್ನು ಬಿಚ್ಚಿದವನನ್ನು ಯಾರೂ ಏನೂ ಕೇಳುವುದಿಲ್ಲ. ಅವನೇ ಅದೇ ಮರದ ಕೆಳಗೆ ಸಂಜೆ ಹಾಸಿಗೆಯನ್ನು ಹಾಸಿದನೆಂದರೆ ಊರಿನವರು ಬಂದು ವಿಚಾರಿಸತೊಡಗುತ್ತಾರೆ: ಯಾರು, ಎಲ್ಲಿಂದ ಬಂದದ್ದು, ಎಷ್ಟು ದಿನ ಇರುವುದು? ಇದನ್ನು ಬರಿಯ ಕುತೂಹಲವೆಂದು ಹೇಳಲಾಗದು. ಮಲಗಿದವನು ತನ್ನ ಪ್ರಾಣವನ್ನೂ ಗಂಟನ್ನೂ ಸುತ್ತಲಿನವರ ಒಳ್ಳೆಯತನಕ್ಕೆ ಒಪ್ಪಿಸಿರುತ್ತಾನೆ. ಸುತ್ತಲಿನವರಾದರೂ ಗುರುತಿಲ್ಲದವನೊಬ್ಬನನ್ನು ತಮ್ಮ ಮನೆಯ ಮಗ್ಗುಲಲ್ಲಿ ಇರಗೊಟ್ಟು ದೀಪವನ್ನು ಆರಿಸಬೇಕಾಗಿರುತ್ತದೆ. ಎರಡು ಕಡೆಯೂ ನಂಬಿಕೆ ಬೇಕು. ಆ ನಂಬಿಕೆಯನ್ನು ಕೊಡುವುದಕ್ಕೆ ಮೊದಲು ಊರು ಬಂದವನಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ಹಳೆಯ ಪ್ರಶ್ನೆ. ಈ ಕಾಲದ ಒಂದು ಹೊಸ ವಾಹನ ಅದನ್ನು ಮತ್ತೆ ಎತ್ತಿಕೊಟ್ಟಿದೆ.

ಕ್ಯಾಂಪರ್ ಎಂದು ಕರೆಯಲ್ಪಡುವ ಈ ವಸತಿಗಾಡಿಯಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ, ದೀಪ, ಕೆಲವದರಲ್ಲಿ ಶೌಚದ ಏರ್ಪಾಡು ಸಹ ಇರುತ್ತವೆ. ಯೂರೋಪು, ಅಮೆರಿಕ, ನ್ಯೂಜಿಲೆಂಡುಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ; ಈಚೆಗೆ ಬೆಂಗಳೂರಿನಂಥ ಪಟ್ಟಣಗಳಲ್ಲಿಯೂ ಬಾಡಿಗೆಗೆ ದೊರೆಯುತ್ತದೆ. ಇದರ ಒಡೆಯನಿಗೆ ಮೊದಲ ದಿನ ಒಂದು ಬಗೆಯ ಗರ್ವವುಂಟಾಗುವುದು ಸಹಜ. ಆಮೆಯಂತೆ ಮನೆಯನ್ನು ಬೆನ್ನ ಮೇಲೆ ಹೊತ್ತವನಿಗೆ ಛತ್ರವೇಕೆ, ಹೋಟೆಲೇಕೆ, ನೆಂಟರೇಕೆ? ಮೂರನೆಯ ಸಂಜೆಯ ಹೊತ್ತಿಗೆ ಈ ಗರ್ವ ಇಳಿಯುತ್ತದೆ. ತೊಟ್ಟಿಯ ನೀರು ಮುಗಿದಿರುತ್ತದೆ. ಶೌಚದ ಪೆಟ್ಟಿಗೆ ಹಿಡಿಯುವುದು ಸುಮಾರು 17ರಿಂದ 20 ಲೀಟರು. ಇಬ್ಬರು ಬಳಸಿದರೆ ಎರಡು ಮೂರು ದಿನಗಳಲ್ಲಿ ತುಂಬುತ್ತದೆ. ಅದನ್ನು ಎಲ್ಲಿ ಬರಿದುಮಾಡುವುದು? ಅದರಲ್ಲಿ ಹಾಕುವ ಔಷಧಿಗಳಲ್ಲಿ ಕೆಲವು, ಮನೆಯ ಮಲಗುಂಡಿಯಲ್ಲಿ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲತಕ್ಕವು. ಆದುದರಿಂದ ಕಂಡ ಗುಂಡಿಗೆ ಸುರಿಯುವಂತೆಯೂ ಇಲ್ಲ. ಮಟ್ಟಸವಾದ ನೆಲ ಬೇಕು, ನಲ್ಲಿ ಬೇಕು, ಮೋರಿ ಬೇಕು. ಇವುಗಳಲ್ಲಿ ಒಂದನ್ನೂ ಗಾಡಿಯಲ್ಲಿ ಹೊತ್ತು ತರಲಾಗದು. ಸ್ವತಂತ್ರನಾದೆನೆಂದು ಹೊರಟವನು ಎಲ್ಲರ ಬಾಗಿಲಿಗೂ ಬರುವಂತಾಗುತ್ತದೆ.

ಬಲ್ಲ ಪ್ರಯಾಣಿಕರು ಹೊತ್ತು ಮುಳುಗುವುದಕ್ಕೆ ಮುಂಚೆಯೇ ತಂಗುವ ಜಾಗವನ್ನು ಸೇರುತ್ತಾರೆ. ಕತ್ತಲಲ್ಲಿ ಕಂಡ ಸಮನೆಲ ಬೆಳಗ್ಗೆ ಯಾರದೋ ಕಣವಾಗಿರಬಹುದು, ಬತ್ತಿದ ಹಳ್ಳದ ಮರಳಾಗಿರಬಹುದು. ಮೇಲಣ ಬೆಟ್ಟದಲ್ಲಿ ಸುರಿದ ಮಳೆ ಕೆಳಗೆ ಮಲಗಿದವನಿಗೆ ಹೇಳಿ ಬರುವುದಿಲ್ಲ. ಒಣಗಿದ ಕೊಂಬೆಯ ಕೆಳಗೆ ನಿಲ್ಲಿಸರು. ಹಿಂದುಮುಂದು ಮಾಡದೆ ಹೊರಡಲು ಅನುವಾಗುವಂತೆ ಗಾಡಿಯ ಮೂತಿಯನ್ನು ರಸ್ತೆಯ ಕಡೆಗೆ ತಿರುಗಿಸಿಡುತ್ತಾರೆ. ಕಿಟಕಿಗಳನ್ನು ಮುಚ್ಚಿ ಒಳಗೆ ಒಲೆಯನ್ನಾಗಲಿ ಇದ್ದಿಲನ್ನಾಗಲಿ ಉರಿಸರು. ಅದರಿಂದ ಹುಟ್ಟುವ ವಿಷವಾಯುವಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಇವೆಲ್ಲ ಜಾಣತನದ ಮಾತಾದುವು. ಇವನ್ನೆಲ್ಲ ಪಾಲಿಸಿದರೂ, ಹತ್ತಿರದ ಮನೆಯಲ್ಲಿ ಒಂದು ಮಾತು ಕೇಳಿ ‘ಆಗಲಿ’ ಎನ್ನಿಸಿಕೊಂಡು ಬಂದವನ ನಿದ್ರೆಯೇ ಬೇರೆ.

ಹಿಂದಿನವರು ಈ ಸಂಬಂಧಕ್ಕೆ ಒಂದು ಅಳತೆಯನ್ನಿಟ್ಟಿದ್ದರು. ಮನುಸ್ಮೃತಿಯ ಮೂರನೆಯ ಅಧ್ಯಾಯದ ಪ್ರಕಾರ ಒಂದೇ ಇರುಳು ತಂಗುವ ಬ್ರಾಹ್ಮಣನು ಅತಿಥಿ. ನಿಲುವು ನಿತ್ಯವಲ್ಲದ ಕಾರಣ ಅವನಿಗೆ ಆ ಹೆಸರು. ಒಂದೇ ಇರುಳು ಎಂಬುದನ್ನು ಗಮನಿಸಬೇಕು. ಬ್ರಾಹ್ಮಣನು ಎಂಬುದನ್ನೂ ಗಮನಿಸಬೇಕು. ಮೊದಲನೆಯದು ಲೋಕಾನುಭವದಿಂದ ಬಂದ ವಿವೇಕ. ಇಂದಿನ ಜರ್ಮನಿಯಲ್ಲಿಯೂ ವಾಹನ ನಡೆಸಿ ದಣಿದವನು ಆಯಾಸ ಪರಿಹಾರಕ್ಕಾಗಿ ರಸ್ತೆಯ ಬದಿಯಲ್ಲಿ ಒಂದು ರಾತ್ರಿ ತನ್ನ ಗಾಡಿಯಲ್ಲಿ ಮಲಗುವುದನ್ನು ಒಪ್ಪುತ್ತಾರೆ. ಅಲ್ಲಿಯೇ ಕುರ್ಚಿ ಮೇಜುಗಳನ್ನು ಹರಡಿ ಬೀಡು ಬಿಟ್ಟರೆ ಒಪ್ಪುವುದಿಲ್ಲ. ನಾರ್ವೆಯ 1957ರ ಕಾನೂನು ಬೇಸಾಯವಿಲ್ಲದ ಬಯಲಿನಲ್ಲಿ ಯಾರೇ ಆಗಲಿ ಗುಡಾರ ಹೂಡಬಹುದೆಂದೂ, ಜನವಿರುವ ಮನೆಗೆ 150 ಮೀಟರಿಗಿಂತ ಹತ್ತಿರ ಬರಕೂಡದೆಂದೂ, ಸಾಮಾನ್ಯವಾಗಿ ಎರಡು ದಿನಕ್ಕೆ ಮೀರಿ ಅಪ್ಪಣೆಯಿಲ್ಲದೆ ಇರಕೂಡದೆಂದೂ ವಿಧಿಸುತ್ತದೆ. ಸ್ವೀಡನ್ನಿನಲ್ಲಿ ಕಾಡುಮೇಡುಗಳಲ್ಲಿ ತಿರುಗಾಡುವ ಹಕ್ಕು ಸರ್ವರದೆಂಬ ಹಳೆಯ ವಾಡಿಕೆಯನ್ನು 1994ರಲ್ಲಿ ರಾಜ್ಯಾಂಗದಲ್ಲಿಯೇ ಸೇರಿಸಿದರು. ಆದರೆ ಆ ಹಕ್ಕು ಕಾಲ್ನಡೆಯವನದು. ಮೋಟಾರನ್ನು ನೆಲದ ಮೇಲೆ ಹರಿಸುವವನದಲ್ಲ. ನಡೆದು ಬಂದವನು ತನ್ನ ದೇಹವನ್ನು ಮಾತ್ರ ತಂದಿರುತ್ತಾನೆ, ವಸತಿಗಾಡಿಯವನು ಒಂದು ಸಂಸಾರದ ಕೊಳೆಯನ್ನೆಲ್ಲ ತಂದಿರುತ್ತಾನೆ ಎಂಬ ತಿಳಿವಳಿಕೆ ಇದರಲ್ಲಿ ಅಡಗಿದೆ. ಅತಿಥಿ ಎಂಬ ಮಾತಿಗೆ ಮಿತಿಯೂ ಸೇರಿದೆಯೆಂದು ಒಪ್ಪುವುದು ಕಷ್ಟವಲ್ಲ.

ಈ ಕೊಳೆಯ ವಿಷಯದಲ್ಲಿ ನ್ಯೂಜಿಲೆಂಡಿನವರು ನಡೆಸಿರುವ ವಿಚಾರ ಎಲ್ಲರೂ ತಿಳಿಯತಕ್ಕದ್ದು. ಅಲ್ಲಿ ಸಮುದ್ರದ ದಡ, ಸರೋವರದ ಅಂಚು, ಪೌರಸಭೆಯ ಬಯಲುಗಳಲ್ಲಿ ಹಣ ಕೊಡದೆ ತಂಗುವ ಪದ್ಧತಿ ಬಹಳ ಕಾಲದಿಂದ ಇತ್ತು. ಅದನ್ನು ಸ್ವಚ್ಛಂದ ಬೀಡು ಎನ್ನಬಹುದು. ಪ್ರವಾಸಿಗಳು ಹೆಚ್ಚಿದಂತೆ ಪೊದೆಗಳ ಹಿಂದೆ ಹೊಲಸೂ ಹೆಚ್ಚಿತು, ಊರಿನವರ ಸಿಟ್ಟೂ ಹೆಚ್ಚಿತು. ಜಾಗತಿಕ ರಗ್ಬಿ ಪಂದ್ಯಗಳು ಆ ದೇಶದಲ್ಲಿ ನಡೆದ 2011ರಲ್ಲಿ, ಜನಸಂದಣಿ ಬರುವುದಕ್ಕೆ ಮುಂಚೆ, ಸ್ವಚ್ಛಂದ ಬೀಡಿನ ಕಾನೂನೊಂದನ್ನು ಮಾಡಿದರು. ವಿಶೇಷವೇನೆಂದರೆ ಆ ಕಾನೂನು ಸಾಮಾನ್ಯವಾಗಿ ತಂಗಬಹುದು ಎಂಬುದರಿಂದ ಹೊರಡುತ್ತದೆ. ಎಲ್ಲಿ ಕೂಡದು ಎಂಬುದನ್ನು ಆಯಾ ಪೌರಸಭೆ ಕಾರಣ ತೋರಿಸಿ ಹೇಳಬೇಕು. ಮತ್ತೆ 2023ರಲ್ಲಿ ಇದನ್ನು ಬಿಗಿಮಾಡಿ, ಪೌರಸಭೆಯ ನೆಲದಲ್ಲಿ ಇರುಳು ನಿಲ್ಲುವ ವಾಹನ ತನ್ನ ಹೊಲಸನ್ನು ತಾನೇ ಹೊತ್ತುಕೊಳ್ಳುವಂತಿರಬೇಕು, ಅದರಲ್ಲಿ ಶೌಚಪೀಠವನ್ನು ಕದಲದಂತೆ ಕೂರಿಸಿರಬೇಕು, ಪರೀಕ್ಷೆಯಾದ ಗುರುತಿಗೆ ಹಸಿರು ಚೀಟಿ ಇರಬೇಕು ಎಂದು ಗೊತ್ತುಮಾಡಿದರು. ಎತ್ತಿಡುವ ಪೆಟ್ಟಿಗೆ ಇನ್ನು ಸಾಲದು; ಹಾಸಿಗೆಯ ಕೆಳಗೆ ತಳ್ಳಿದ ಪೆಟ್ಟಿಗೆಯನ್ನು ಚೀಟಿಗಾಗಿ ಇಟ್ಟುಕೊಂಡವರೇ ಹೊರತು ಬಳಸಿದವರು ಕಡಮೆ ಎಂಬುದು ಅಲ್ಲಿನವರ ದೂರಾಗಿತ್ತು.

ಊರು ಹೀಗೆ ಕೇಳುವುದು ನ್ಯಾಯವೆ? ಕೊಳೆಯ ಮಟ್ಟಿಗೆ ನ್ಯಾಯವೆಂದೇ ಹೇಳಬೇಕು. ಒಂದು ಬೀಡು ಶುಚಿಯಾಗಿರುವುದು ಅದರ ಸ್ವಭಾವದಿಂದಲ್ಲ. ನಿನ್ನೆ ತಂಗಿದವನು ಹೊಲಸು ಬಿಡದೆ ಹೋದನೆಂಬ ಕಾರಣದಿಂದ. ನಾಳೆ ಬರುವವನು ಯಾರೆಂದು ಇವನಿಗೆ ಗೊತ್ತಿಲ್ಲ, ಅವನಿಂದ ವಂದನೆಯೂ ಬರುವುದಿಲ್ಲ. ಸಾಕ್ಷಿಯಿಲ್ಲದ ಕತ್ತಲಲ್ಲಿ, ಕಾಣದವನೊಬ್ಬನಿಗಾಗಿ ನಡೆಯಬೇಕಾದ ಈ ನಡತೆ ಸಣ್ಣದಾಗಿ ತೋರಿದರೂ ಸಣ್ಣದಲ್ಲ. ಅದು ತಪ್ಪಿದ ಕಡೆಯಲ್ಲೆಲ್ಲ ಮೊದಲು ಫಲಕ ಬರುತ್ತದೆ, ಆಮೇಲೆ ಬೇಲಿ ಬರುತ್ತದೆ, ತಪ್ಪುಮಾಡದವನೂ ಹೊರಗಾಗುತ್ತಾನೆ.

ಆದರೂ ಇಲ್ಲಿ ಒಂದು ತೊಡಕಿದೆ. ಕದಲದ ಶೌಚಪೀಠವನ್ನು ಕೂರಿಸುವುದಕ್ಕೆ ಹಣ ಬೇಕು, ದೊಡ್ಡ ಗಾಡಿ ಬೇಕು. ಹಳೆಯ ಸಣ್ಣ ವ್ಯಾನಿನಲ್ಲಿ ಮಲಗುವವನು ಎಷ್ಟೇ ಶುಚಿಗಾರನಾಗಿರಲಿ, ಊರಿನ ಸಾರ್ವಜನಿಕ ಶೌಚಾಲಯವನ್ನೇ ಹುಡುಕಿಕೊಂಡು ಹೋಗುವವನಾಗಿರಲಿ, ಚೀಟಿ ಅವನಿಗಿಲ್ಲ. ಕಾನೂನು ನೋಡುವುದು ಗಾಡಿಯ ಸಲಕರಣೆಯನ್ನು, ನೋಡಬೇಕಾಗಿದ್ದುದು ನಡತೆಯನ್ನು. ನಡತೆಯನ್ನು ಮುಂದಾಗಿ ಪರೀಕ್ಷಿಸುವ ಉಪಾಯವಿಲ್ಲದ್ದರಿಂದ ಸಲಕರಣೆಯನ್ನು ಪರೀಕ್ಷಿಸುತ್ತಾರೆಂದು ಸಮಾಧಾನ ಹೇಳಬಹುದು. ಈ ಸಮಾಧಾನ ತಕ್ಕಮಟ್ಟಿಗೆ ಸರಿ. ಆದರೆ ಕೊಳೆಯ ಪ್ರಶ್ನೆಯೆಂದು ಹೊರಟದ್ದು ಹೀಗೆ ಕಂಡೂ ಕಾಣದಂತೆ ಅಂತಸ್ತಿನ ಪ್ರಶ್ನೆಯಾಗಿಬಿಡುತ್ತದೆ. ಶುಚಿಯ ಹೆಸರಿನಲ್ಲಿ ಮನುಷ್ಯನನ್ನು ಅಳೆಯುವುದು ಎಷ್ಟು ದೂರ ಹೋಗಬಹುದೆಂಬುದು ಭರತಖಂಡದವರಿಗೆ ಹೊರಗಿನವರು ಹೇಳಿಕೊಡಬೇಕಾದ ಪಾಠವಲ್ಲ.

ಕನ್ನಡ ನಾಡಿನ ಶಾಸನಗಳಲ್ಲಿ ಸತ್ರಗಳಿಗೂ ಅರವಟ್ಟಿಗೆಗಳಿಗೂ ಬಿಟ್ಟ ದತ್ತಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ದಾರಿಹೋಕನಿಗೆ ನೀರು ಕೊಡುವುದನ್ನು ಪುಣ್ಯವೆಂದೆಣಿಸಿದ ಸಮಾಜವಿದು, ಅದರಲ್ಲಿ ಹೆಮ್ಮೆಪಡತಕ್ಕದ್ದುಂಟು. ಅದೇ ಸಮಾಜದ ಅನೇಕ ಛತ್ರಗಳ ಬಾಗಿಲಲ್ಲಿ ಮೊದಲು ಕೇಳುತ್ತಿದ್ದುದು ಕುಲ. 1901ರಲ್ಲಿ ಸಾತಾರ ಸೀಮೆಯ ಮಸೂರು ಎಂಬ ರೈಲು ನಿಲ್ದಾಣದಲ್ಲಿ ಕೆಲವು ಹುಡುಗರು ಇಳಿದರು. ಅವರಲ್ಲೊಬ್ಬನು ಸುಮಾರು ಹತ್ತು ವರ್ಷದ ಭೀಮರಾವ್ ಅಂಬೇಡ್ಕರ್. ಗೋರೆಗಾಂವಿನಲ್ಲಿ ಕೆಲಸದ ಮೇಲಿದ್ದ ತಂದೆಯನ್ನು ನೋಡಲು ಹೊರಟಿದ್ದರು; ಬರುವ ಸುದ್ದಿ ಸಕಾಲಕ್ಕೆ ತಂದೆಗೆ ಮುಟ್ಟಿರಲಿಲ್ಲ. ಜಾತಿ ತಿಳಿದೊಡನೆ ಯಾವ ಗಾಡಿಯವನೂ ಬರಲೊಪ್ಪಲಿಲ್ಲ. ಕೊನೆಗೆ ಒಬ್ಬನು ಇಮ್ಮಡಿ ಬಾಡಿಗೆಗೆ, ಹುಡುಗರೇ ಗಾಡಿ ಹೊಡೆಯಬೇಕು, ತಾನು ಮಗ್ಗುಲಲ್ಲಿ ನಡೆದು ಬರುವೆನು ಎಂಬ ಕರಾರಿನ ಮೇಲೆ ಒಪ್ಪಿದನು. ದಾರಿಯಲ್ಲಿ ಅವರಿಗೆ ತೋರಿಸಿದ ನೀರು ದನಗಳ ಸಗಣಿ ಗಂಜಲ ಬೆರೆತ ಕೊಚ್ಚೆ. ನಡುರಾತ್ರಿಯ ಹೊತ್ತಿಗೆ ಸುಂಕದ ಕಟ್ಟೆಯನ್ನು ಸೇರಿ, ತಾವು ಮುಸಲ್ಮಾನರೆಂದು ಹೇಳಿಕೊಂಡು ನೀರು ಕೇಳಿದರೂ ದೊರೆಯಲಿಲ್ಲ. ಎತ್ತುಗಳನ್ನು ಬಿಚ್ಚಿ, ಗಾಡಿಯ ಹಲಗೆಯ ಮೇಲೆಯೇ ಹಾಸಿಕೊಂಡು, ಬುತ್ತಿ ಬೇಕಾದಷ್ಟಿದ್ದರೂ ನೀರಿಲ್ಲದ್ದರಿಂದ ಉಣ್ಣದೆ ಮಲಗಿದರು. ಈ ಸಂಗತಿಯನ್ನು ಅವರೇ ಮುಂದೆ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದಲ್ಲಿ ಬರೆದಿಟ್ಟಿದ್ದಾರೆ.

ಗಾಡಿಯೇ ಮನೆ, ಗಾಡಿಯಲ್ಲಿಯೇ ಊಟ, ಗಾಡಿಯಲ್ಲಿಯೇ ಹಾಸಿಗೆ. ವಸತಿಗಾಡಿಯ ಸಕಲ ಸೌಕರ್ಯವೂ ಆ ಇರುಳು ಆ ಹುಡುಗರಿಗಿತ್ತು. ಇಲ್ಲದ್ದು ಒಂದು ತಂಬಿಗೆ ನೀರು, ಮತ್ತು ಅದನ್ನು ಕೊಡಲೊಪ್ಪುವ ಒಂದು ಕೈ. ಶುಚಿಯ ಕಟ್ಟಳೆಯನ್ನು ಪಾಲಿಸುತ್ತೇನೆಂದುಕೊಂಡವರೇ ಅವರಿಗೆ ಕೊಚ್ಚೆಯನ್ನು ತೋರಿಸಿದ್ದು.

ಇದು ಒಂದು ದೇಶದ ಪಾಪವೇನೂ ಅಲ್ಲ. ಅಮೆರಿಕದಲ್ಲಿ ಮೋಟಾರು ಎಲ್ಲರ ಕೈಗೂ ಬಂದ ಕಾಲದಲ್ಲಿ, ಕಪ್ಪು ಜನರಿಗೆ ಕತ್ತಲಾದ ಮೇಲೆ ಕಾಲಿಡಲಾಗದ ಪಟ್ಟಣಗಳಿದ್ದುವು. ಅಂಚೆಯವನಾಗಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಎಂಬಾತನು 1936ರಲ್ಲಿ ಅಂಥ ಪ್ರಯಾಣಿಕರಿಗಾಗಿ ಕೈಪಿಡಿಯೊಂದನ್ನು ಹೊರಡಿಸಿದನು; ಯಾವ ಊರಿನಲ್ಲಿ ಯಾವ ಹೋಟೆಲು, ಯಾವ ಗೃಹಸ್ಥರ ಮನೆ ಇರುಳಿಗೆ ಬಾಗಿಲು ತೆರೆಯುವುದೆಂಬ ಪಟ್ಟಿ ಅದು. ಜನಾಂಗಭೇದವನ್ನು ನಿಷೇಧಿಸಿದ 1964ರ ಕಾನೂನಿನ ತರುವಾಯ, 1966–67ರ ಸಂಚಿಕೆಯೊಡನೆ, ಅದು ನಿಂತಿತು. ಆ ಕಾಲದಲ್ಲಿ ಎಷ್ಟೋ ಸಂಸಾರಗಳು ಊಟ, ಹಾಸಿಗೆ, ಶೌಚಕ್ಕೆ ಡಬ್ಬ ಇವನ್ನೆಲ್ಲ ಕಾರಿನಲ್ಲಿ ಹೊತ್ತೇ ಹೊರಡುತ್ತಿದ್ದುವು. ವಿನೋದಕ್ಕಾಗಿ ಹೊತ್ತದ್ದಲ್ಲ.

ಕೊಳೆಯನ್ನು ಕೇಳಬಹುದು, ಕುಲವನ್ನು ಕೇಳಲಾಗದು ಎಂದು ಗೆರೆ ಎಳೆದುಬಿಟ್ಟರೆ ಮುಗಿಯಿತೆ? ಒಂಟಿ ಮನೆಯಲ್ಲಿ ಹೆಂಗಸರು ಮಕ್ಕಳೊಡನೆ ಇರುವವರ ಭಯವನ್ನು ತಳ್ಳಿಹಾಕಲಾಗದು. ಗುರುತಿಲ್ಲದ ಗಾಡಿಯೊಂದು ರಾತ್ರಿ ಹತ್ತು ಗಂಟೆಗೆ ಬಂದು ಬೇಲಿಯ ಹತ್ತಿರ ನಿಂತು ದೀಪ ಆರಿಸಿದರೆ, ಅವರು ಬಾಗಿಲನ್ನು ಭದ್ರಪಡಿಸಿ ಎಚ್ಚರದಿಂದಿರುವುದು ದುರ್ಗುಣವಲ್ಲ. ಇದಕ್ಕೆ ಪರಿಹಾರ ಬಹುಮಟ್ಟಿಗೆ ಬಂದವನ ಕೈಯಲ್ಲಿದೆ: ಬೆಳಕಿರುವಾಗಲೇ ಬಂದು, ಮುಖ ತೋರಿಸಿ, ಕೇಳಿ ನಿಲ್ಲುವುದು, ಬೇಡವೆಂದರೆ ವಾದಿಸದೆ ಹೊರಡುವುದು. ಭಯಪಟ್ಟವರು ಹೆಸರು, ಊರು, ಹೊರಡುವ ಹೊತ್ತು ಕೇಳಲಿ. ಆ ಉತ್ತರಗಳನ್ನು ಕೇಳಿದ ಮೇಲೂ, ಮುಖದ ಬಣ್ಣವನ್ನೋ ಹೆಸರಿನ ಕೊನೆಯ ಅಕ್ಷರಗಳನ್ನೋ ನೋಡಿ ಉಂಟಾಗುವ ಭಯ ಬೇರೆ ಜಾತಿಯದು. ಅದಕ್ಕೆ ಬಂದವನು ಮಾಡಬಹುದಾದ ಪರಿಹಾರವೊಂದೂ ಇಲ್ಲ.

ಹೆದ್ದಾರಿಯ ಮಗ್ಗುಲಲ್ಲಿ ಪ್ರತಿ ರಾತ್ರಿಯೂ ತಮ್ಮ ಗಾಡಿಯಲ್ಲಿಯೇ ಮಲಗುವ ಲಾರಿಯ ಡ್ರೈವರು, ಕ್ಲೀನರುಗಳನ್ನು ಈ ಸಂದರ್ಭದಲ್ಲಿ ನೆನೆಯುವವರು ಕಡಮೆ. ವಸತಿಗಾಡಿಯ ಸಂಸಾರ ಸಾಹಸವೆಂದು ಹೇಳಿಕೊಳ್ಳುವುದನ್ನು ಅವರು ಕೂಲಿಗಾಗಿ ವರ್ಷವೆಲ್ಲ ಮಾಡುತ್ತಾರೆ. ಪೆಟ್ರೋಲು ಬಂಕಿನ ಅಂಗಳದಲ್ಲಿ ಒಂದು ದೀಪ, ಒಂದು ನಲ್ಲಿ, ಬೀಗ ಹಾಕದ ಒಂದು ಶೌಚಾಲಯ ಇದ್ದರೆ ಅದೇ ಅವರಿಗೆ ಛತ್ರ. ಕಾರಿನಿಂದಿಳಿದವರಿಗೆ ಬೀಗದ ಕೈ ಕೊಟ್ಟು, ಲಾರಿಯಿಂದಿಳಿದವನಿಗೆ ಬಯಲನ್ನು ತೋರಿಸುವ ಕಡೆಗಳೂ ಉಂಟು.

ನ್ಯೂಜಿಲೆಂಡಿನವರು 2023ರಲ್ಲಿ ಕಾನೂನನ್ನು ಬಿಗಿಮಾಡುವಾಗ ಇನ್ನೊಂದು ಮಾತನ್ನು ಸೇರಿಸಿದರು. ತಕ್ಕ ಮನೆ ದೊರೆಯದ್ದರಿಂದ ವಾಹನದಲ್ಲಿಯೇ ಬಾಳುತ್ತಿರುವವರನ್ನು ಸ್ವಚ್ಛಂದ ಬೀಡಿನವರೆಂದು ಎಣಿಸಕೂಡದು. ಆ ಕಾನೂನಿನ ದಂಡ ಅವರಿಗೆ ತಗಲಕೂಡದು. ಪ್ರವಾಸಿಯ ರಹದಾರಿಯ ಮೇಲೆ ಬಂದವರಿಗೆ ಈ ವಿನಾಯಿತಿ ಇಲ್ಲ. ಒಂದೇ ಕಡಲತೀರದಲ್ಲಿ ಒಂದೇ ಬಗೆಯ ಎರಡು ಹಳೆಯ ವ್ಯಾನುಗಳು ನಿಂತಿರಬಹುದು. ಒಂದರಲ್ಲಿ ಮನೆಯನ್ನು ಬಿಟ್ಟು ಬಂದವನು, ಇನ್ನೊಂದರಲ್ಲಿ ಮನೆಯೇ ಇಲ್ಲದವನು. ಎರಡರಲ್ಲಿಯೂ ಹಸಿರು ಚೀಟಿ ಇಲ್ಲ. ಕೈದೀಪ ಹಿಡಿದು ಬಂದ ಪೌರಸಭೆಯ ನೌಕರನು ಗಾಡಿಯನ್ನು ನೋಡಿ ಇವರಲ್ಲಿ ಯಾರು ಯಾರೆಂದು ತಿಳಿಯಲಾರನು. ಅವನು ಕಿಟಕಿಯ ಗಾಜನ್ನು ಮೆಲ್ಲಗೆ ತಟ್ಟಿ, ಒಳಗಿನವನನ್ನು ಎಬ್ಬಿಸಿ, ಮಾತನಾಡಿಸಿಯೇ ತಿಳಿಯಬೇಕು.