ಹದಿನಾಲ್ಕನೇ ಕಾಲಂ

ಭಾನುವಾರ ರಾತ್ರಿ ಹನ್ನೊಂದಾಗಿತ್ತು. ಬೆಳಗ್ಗೆ ಕ್ಲೈಂಟ್ ಕಾಲ್ ಇದೆಯಲ್ಲಾ ಅನ್ನೋ ಸಂಕಟದಲ್ಲೇ ದೀಪ ಆರಿಸಲು ಹೊರಟಿದ್ದೆ, ಊರಿಂದ ತಮ್ಮನ ಫೋನು ಬಂತು. ಚಿಕ್ಕಪ್ಪನ ಮಗ. ಮಂಡ್ಯ ಕಡೆಯ ನಮ್ಮೂರಲ್ಲಿ ಆಲೆಮನೆ ನಡೆಸ್ತಾನೆ.

"ಅಣ್ಣ, ಹದ್ನಾಕ್ನೇ ಕಾಲಂಗೆ ಏನ್ ಬರೀಲಿ?"

ಯಾವ ಕಾಲಂ ಅಂತ ನೆನಪಾಗೋಕೆ ಒಂದು ನಿಮಿಷ ಬೇಕಾಯ್ತು. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ವಿದೇಶದ ಮೇಳಕ್ಕೆ ಹೋಗಿಬಂದ ಮೇಲೆ ಖರ್ಚು ವಾಪಸ್ ಕೇಳೋ ಅರ್ಜಿ ಅದು. ಹದಿನಾಲ್ಕನೇ ಕಾಲಮ್ಮಿನಲ್ಲಿ ಕೇಳಿದ್ದು ಇಷ್ಟು: ಮೇಳದಲ್ಲಿ ಭಾಗವಹಿಸಿದ್ದರಿಂದ ದೊರೆತ ರಫ್ತು ಆರ್ಡರುಗಳ ಮೌಲ್ಯ, ಅಮೆರಿಕನ್ ಡಾಲರುಗಳಲ್ಲಿ.

"ಎಷ್ಟು ಬಂದಿದೆ?"

"ಏನೂ ಬಂದಿಲ್ಲ."

"ಹಂಗಾದ್ರೆ ಸೊನ್ನೆ ಬರಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸೊನ್ನೆ ಬರದ್ರೆ ದುಡ್ಡು ಕೊಟ್ಟಾರಾ ಅಣ್ಣ?"

ಈ ಒಂದು ಪ್ರಶ್ನೆ ನನ್ನನ್ನ ಸುಮಾರು ದಿನ ಬಿಡಲಿಲ್ಲ. ಅವನನ್ನ ಈ ಅರ್ಜಿಯ ದಾರಿಗೆ ಹತ್ತಿಸಿದ್ದೇ ನಾನು. ಅದೂ ಒಂದು ಕಾರಣ.

ಹಿನ್ನೆಲೆ ಹೇಳಿಬಿಡ್ತೀನಿ. ನಮ್ಮ ಕಡೆ ಆಲೆಮನೆಗಳು ಹೇಗೆ ನಡೀತವೆ ಅಂತ ಗೊತ್ತಿರೋರಿಗೆ ಹೈಡ್ರೋಸ್ ಅನ್ನೋ ಪುಡಿಯೂ ಗೊತ್ತಿರುತ್ತೆ. ಕುದಿಯೋ ಕಬ್ಬಿನ ಹಾಲಿಗೆ ಅದನ್ನ ಹಾಕಿದ್ರೆ ಬೆಲ್ಲ ಬಂಗಾರದ ಬಣ್ಣಕ್ಕೆ ಬರುತ್ತೆ, ಮಾರ್ಕೆಟ್ಟಿನಲ್ಲಿ ರೇಟೂ ಸಿಗುತ್ತೆ. ಹಾಕದೇ ಇದ್ರೆ ಬೆಲ್ಲ ಕಪ್ಪು. ತಮ್ಮ ಡಿಪ್ಲೊಮಾ ಮುಗಿಸಿ ಎರಡು ವರ್ಷ ಬೆಂಗಳೂರಲ್ಲಿ ಅಲೆದು ವಾಪಸ್ ಹೋದವನು. ಅಜ್ಜನ ಕಾಲದ ಹಾಗೆ ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೆದು, ಕಪ್ಪು ಬೆಲ್ಲವನ್ನೇ ಪುಡಿ ಮಾಡಿ ಪ್ಯಾಕೆಟ್ಟಿಗೆ ತುಂಬೋಕೆ ಶುರು ಮಾಡಿದ. ಬೆಂಗಳೂರಿನ ನಾಲ್ಕು ಅಂಗಡಿ ತಗೊಂಡ್ರು. "ಇದನ್ನ ಹೊರಗಡೆ ಕಳಿಸಬಹುದಲ್ವಾ?" ಅಂದವನು ನಾನೇ. ಊರಿಗೆ ವರ್ಷಕ್ಕೆ ನಾಲ್ಕು ಸಲ ಹೋಗೋ ಇಂಜಿನಿಯರುಗಳು ಕೊಡೋ ಸಲಹೆ ಹೀಗೇ ಇರುತ್ತೆ.

ಹುಡುಕಿದಾಗ ಸಿಕ್ಕಿದ್ದು ಕೇಂದ್ರ ವಾಣಿಜ್ಯ ಇಲಾಖೆಯ ಮಾರ್ಕೆಟ್ ಆಕ್ಸೆಸ್ ಇನಿಶಿಯೇಟಿವ್. ಸರಳವಾಗಿ ಹೇಳೋದಾದ್ರೆ, ಹೊರದೇಶದ ವಾಣಿಜ್ಯ ಮೇಳದಲ್ಲಿ ಮಳಿಗೆ ಹಾಕೋಕೆ, ಕೊಳ್ಳೋರನ್ನ ಭೇಟಿ ಮಾಡೋಕೆ ಆ ಯೋಜನೆಯಡಿ ಸರ್ಕಾರ ಖರ್ಚಿನ ಒಂದು ಪಾಲು ಕೊಡ್ತಿತ್ತು. ಸಣ್ಣ ರಫ್ತುದಾರನಾದ್ರೆ ಎಕಾನಮಿ ಕ್ಲಾಸಿನ ವಿಮಾನದ ಟಿಕೆಟ್ಟಿಗೂ ನೆರವಿತ್ತು. ಅದಕ್ಕೂ ಮೊದಲು ಐಇಸಿ ಅನ್ನೋ ರಫ್ತು ಸಂಖ್ಯೆ ಬೇಕು. ಇದು ಸುಲಭ, ಆನ್‌ಲೈನಲ್ಲಿ 500 ರೂಪಾಯಿ, ಈಗ ಪ್ಯಾನ್ ನಂಬರ್ರೇ ಐಇಸಿ ನಂಬರ್ರು. ರಫ್ತು ಮಂಡಳಿಯೊಂದರಲ್ಲಿ ನೋಂದಣಿ ಬೇಕು. ಹೊರಡೋಕೆ ಮುಂಚೆ ಒಪ್ಪಿಗೆ ಬೇಕು. ಬಂದ ಮೇಲೆ ಬೋರ್ಡಿಂಗ್ ಪಾಸು, ಪಾಸ್‌ಪೋರ್ಟಿನ ಪುಟಗಳು, ಮಳಿಗೆಯ ರಸೀದಿ, ಬೇರೆ ಎಲ್ಲಿಂದಲೂ ಇದೇ ಖರ್ಚಿಗೆ ನೆರವು ಪಡೆದಿಲ್ಲ ಅನ್ನೋ ಘೋಷಣೆ.

ಇದರಲ್ಲಿ ಒಂದು ಮಾತನ್ನ ನಾನು ಮೊದಲ ಓದಿನಲ್ಲಿ ಗಮನಿಸಲೇ ಇಲ್ಲ: 'ಮರುಪಾವತಿ'. ದುಡ್ಡು ಮೊದಲು ನೀನು ಹಾಕು, ಆಮೇಲೆ ನಾವು ಕೊಡ್ತೀವಿ. ನಮಗೆ ಆಫೀಸಿನಲ್ಲಿ ಇದು ಅಭ್ಯಾಸ. ಟ್ಯಾಕ್ಸಿ ಬಿಲ್ಲು ಅಪ್‌ಲೋಡ್ ಮಾಡಿ ಮರೆತುಬಿಡ್ತೀವಿ, ತಿಂಗಳ ಕೊನೆಗೆ ಸಂಬಳದ ಜೊತೆ ಬರುತ್ತೆ. ತಮ್ಮ ಹೆಂಡತಿಯ ಒಡವೆಯನ್ನ ಸೊಸೈಟಿಯಲ್ಲಿಟ್ಟು ದುಬೈಗೆ ಹೋದ. ವರ್ಷಾರಂಭದಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ನಡೆಯೋ ದೊಡ್ಡ ಆಹಾರ ಮೇಳ ಅದು. ಹೋಗಿ, ನಿಂತು, ಮೂವತ್ತೇಳು ವಿಸಿಟಿಂಗ್ ಕಾರ್ಡ್ ಹಿಡ್ಕೊಂಡು ಬಂದ. ಈಗ ಒಡವೆ ಬಿಡಿಸೋದು ಈ ಅರ್ಜಿ ಮೇಲೆ ನಿಂತಿದೆ. ಹಾಗಾಗಿ ಸೊನ್ನೆ ಬರೆಯೋದು ಅವನಿಗೆ ನನ್ನಷ್ಟು ಸುಲಭ ಅಲ್ಲ.

ಸಾಲದ್ದಕ್ಕೆ, ಪೇಪರ್ ಕೆಲಸ ಮಾಡಿಕೊಡೋ ಒಬ್ಬ ಕನ್ಸಲ್ಟೆಂಟ್ ಅವನಿಗೆ ಹೇಳಿದ್ದನಂತೆ: "ಐವತ್ತು ಸಾವಿರ ಡಾಲರ್ ಅಂತ ಹಾಕಿ ಸಾರ್. ಎಲ್ರೂ ಹಂಗೇ ಹಾಕೋದು. ಮಾತುಕತೆ ನಡೀತಿದೆ ಅಂದ್ರಾಯ್ತು, ಯಾರು ಬಂದು ನೋಡ್ತಾರೆ?"

ನಾನು ನಿಯಮಗಳನ್ನ ಮತ್ತೊಮ್ಮೆ ಓದಿದೆ. ನಮಗೆ ಅನ್ವಯಿಸೋ ಭಾಗದಲ್ಲಿ ಆರ್ಡರ್ ಬಂದ್ರೆ ಮಾತ್ರ ಹಣ ಅಂತ ಎಲ್ಲೂ ಇಲ್ಲ. ಹಣ ಕೊಡೋದು ಹೋಗಿಬಂದಿದ್ದಕ್ಕೆ, ಗೆದ್ದುಬಂದಿದ್ದಕ್ಕಲ್ಲ. ಅಂದ್ರೆ ಸುಳ್ಳು ಹೇಳೋ ಅಗತ್ಯವೇ ಇಲ್ಲ. ಅಗತ್ಯ ಇಲ್ಲದ ಸುಳ್ಳನ್ನೂ ಹೇಳಿಸೋ ಹೆದರಿಕೆ ಒಂದು ಇದೆಯಲ್ಲ, ಕೊಡೋನ ಮುಂದೆ ಸೋತವನಾಗಿ ನಿಲ್ಲಬಾರದು ಅನ್ನೋದು, ಅದು ಯಾವ ನಿಯಮದಲ್ಲೂ ಬರೆದಿರಲ್ಲ.

ಸರಿ, ಅಪ್ಪನ ಪ್ರಶ್ನೆಗೆ ಬರ್ತೀನಿ. ತಮ್ಮ ಹೊರಟಾಗಲೇ ಅಪ್ಪ ಕೇಳಿದ್ರು: "ಯಾರ್ ದುಡ್ಡಲಾ ಅದು? ಅವ್ನು ಬೆಲ್ಲ ಮಾರಕ್ಕೆ ಊರೋರ್ ಯಾಕೆ ಟಿಕೆಟ್ ತಗೀಬೇಕು?" ಹಾಲಿನ ಡೈರಿಯ ಪಾಸ್‌ಬುಕ್ಕನ್ನ ಜೋಪಾನವಾಗಿಟ್ಟ ಮನುಷ್ಯ. ಇವರಿಗೆ ಏನು ಹೇಳೋದು? ನಾನು ರಫ್ತು, ವಿದೇಶಿ ವಿನಿಮಯ, ಉದ್ಯೋಗ ಅಂತ ಏನೋ ಹೇಳಿದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಅವರ ಮಾತಲ್ಲಿ ಹುರುಳಿದೆ. ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗೆ ಬೆಂಕಿ ಹಾಕೋ ಆಳು ಕೂಡ ಸೋಪು ಕೊಂಡಾಗ, ಬಿಸ್ಕತ್ತು ಕೊಂಡಾಗ ಜಿಎಸ್‌ಟಿ ಕಟ್ಟಿರ್ತಾನೆ. ಆ ದುಡ್ಡಿನ ಒಂದು ಎಳೆ ತಮ್ಮನ ವಿಮಾನದ ಟಿಕೆಟ್ಟಲ್ಲಿದೆ. ಆ ಆಳು ಯಾವತ್ತೂ ಯಾವ ಮೇಳಕ್ಕೂ ಅರ್ಜಿ ಹಾಕಲ್ಲ.

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಇಂಥ ವಿಷಯ ಬಂದ್ರೆ ತೀರ್ಪು ಎರಡೇ ನಿಮಿಷದಲ್ಲಿ ಬರುತ್ತೆ. "ಎಲ್ಲಾ ಬಿಟ್ಟಿ. ನಾವು ಟ್ಯಾಕ್ಸ್ ಕಟ್ಟೋದು, ಅವ್ರು ಮಜಾ ಮಾಡೋದು." ನಾನೂ ಈ ಮಾತು ಆಡಿದವನೇ. ಆದ್ರೆ ಆ ಕ್ಯಾಂಟೀನ್ ಇರೋದು ಎಸ್‌ಇಝಡ್ ಒಳಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲ್ಯಾಪ್‌ಟಾಪ್ ಮನೆಗೆ ಒಯ್ಯೋಕೆ ಗೇಟಲ್ಲಿ ಯಾಕೆ ಅಷ್ಟೊಂದು ಸೀರಿಯಲ್ ನಂಬರ್ ಬರೀತಾರೆ ಅಂತ ಅರ್ಥವಾಗ್ತಿರಲಿಲ್ಲ. ಆಮೇಲೆ ತಿಳೀತು, ಎಸ್‌ಇಝಡ್ ಘಟಕಕ್ಕೆ ತರಿಸೋ ಯಂತ್ರಗಳಿಗೆ ಸುಂಕ ಇಲ್ಲ, ಹಾಗಾಗಿ ಬೇಲಿ ದಾಟೋ ಒಂದೊಂದಕ್ಕೂ ಲೆಕ್ಕ ಇಡಬೇಕು. 2005ರ ಕಾಯ್ದೆಯ ಪ್ರಕಾರ ಇಂಥ ಘಟಕದ ರಫ್ತು ಲಾಭಕ್ಕೆ ಮೊದಲ ಐದು ವರ್ಷ ಪೂರ್ತಿ, ಮುಂದಿನ ಐದು ವರ್ಷ ಅರ್ಧ ಆದಾಯ ತೆರಿಗೆ ವಿನಾಯಿತಿ ಇತ್ತು. ಅದಕ್ಕೂ ಹಿಂದೆ, 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಶುರುವಾಯ್ತಲ್ಲ, ಅದರಡಿ ನೋಂದಾಯಿಸಿದ ಕಂಪನಿಗಳಿಗೂ ರಫ್ತು ಲಾಭದ ಮೇಲೆ ತೆರಿಗೆ ರಿಯಾಯಿತಿ ಇತ್ತು, 2011ರ ಮಾರ್ಚ್ 31ರವರೆಗೂ ನಡೀತು. ಇದಕ್ಕೆ ನಾವು 'ನೀತಿ' ಅಂತೀವಿ. ತಮ್ಮ ತಗೊಂಡ್ರೆ 'ಬಿಟ್ಟಿ'. ನಮ್ಮ ಪಾಲಿನದ್ದನ್ನ ಯಾವುದೋ ಚಾರ್ಟರ್ಡ್ ಅಕೌಂಟೆಂಟ್ ಸದ್ದಿಲ್ಲದೆ ಲೆಕ್ಕದಲ್ಲಿ ಕಳೀತಾನೆ. ಬೇಡಿದ ಹಾಗೆ ಕಾಣಲ್ಲ. ತಮ್ಮ ಮಾತ್ರ ಅರ್ಜಿ ಹಿಡಿದು ನಿಲ್ಲಬೇಕು.

ಈ ಬೇಡೋ ಕೆಲಸ ಬಡ ದೇಶಗಳದ್ದು ಮಾತ್ರ ಅಂತಲೂ ಅಂದ್ಕೋಬೇಡಿ. ಮುಂದಿನ ಸಲ ಸೂಪರ್ ಮಾರ್ಕೆಟ್ಟಿನಲ್ಲಿ ವಾಷಿಂಗ್ಟನ್ ಆಪಲ್ ಸ್ಟಿಕ್ಕರ್ ಕಂಡ್ರೆ ನೆನಪಿಸ್ಕೊಳ್ಳಿ. ಆ ಸೇಬನ್ನ ಹೊರದೇಶಗಳಲ್ಲಿ ಪ್ರಚಾರ ಮಾಡೋಕೆ ಅಮೆರಿಕದ ಕೃಷಿ ಇಲಾಖೆ ದುಡ್ಡು ಕೊಡುತ್ತೆ. ಅವರ ಯೋಜನೆಯ ಹೆಸರೂ ಹೆಚ್ಚುಕಡಿಮೆ ನಮ್ಮದೇ: ಮಾರ್ಕೆಟ್ ಆಕ್ಸೆಸ್ ಪ್ರೋಗ್ರಾಂ. ವರ್ಷಕ್ಕೆ ಸುಮಾರು 20 ಕೋಟಿ ಡಾಲರ್. ಅದೇ ಅಮೆರಿಕ ನಮ್ಮ ರಫ್ತು ಪ್ರೋತ್ಸಾಹಗಳ ವಿರುದ್ಧ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು, 2019ರ ಅಕ್ಟೋಬರಿನಲ್ಲಿ ತನ್ನ ಕಡೆ ತೀರ್ಪು ಪಡೀತು. ಆ ವ್ಯಾಜ್ಯದಲ್ಲಿ ಎಸ್‌ಇಝಡ್ ಕೂಡ ಇತ್ತು, ತಮ್ಮನ ಮೇಳದ ಟಿಕೆಟ್ ಇರಲಿಲ್ಲ. ಹಂಗಂತ ಎಲ್ಲರೂ ತಗೋತಾರೆ, ನಾವೂ ತಗೊಳ್ಳೋಣ ಅಂದ್ರೆ ಅಪ್ಪನಿಗೆ ಉತ್ತರ ಕೊಟ್ಟ ಹಾಗಾಗಲ್ಲ. ಅದು ಕನ್ಸಲ್ಟೆಂಟ್ ಹೇಳಿದ "ಎಲ್ರೂ ಹಂಗೇ ಹಾಕೋದು" ಅನ್ನೋ ಮಾತೇ.

ನನಗೆ ಹೊಳೆದ ಉತ್ತರ ಇದು. ಊರಿನ ದುಡ್ಡಲ್ಲಿ ಒಬ್ಬ ದುಬೈಗೆ ಹೋಗಿಬರಬಹುದು, ಯಾವಾಗ ಅಂದ್ರೆ, ಆ ದುಡ್ಡಿಲ್ಲದೆ ಅವನು ಹೋಗೋಕೆ ಆಗ್ತಿರಲಿಲ್ಲ ಅನ್ನೋದು ನಿಜವಾಗಿದ್ದಾಗ, ಮತ್ತು ಹೋಗಿ ಕಂಡದ್ದನ್ನ ಊರಿಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದಾಗ. ಮೊದಲನೇದು ಪೂರ್ತಿ ನಮ್ಮ ಕೈಲಿಲ್ಲ. ಹೇಗೂ ಹೋಗುವಂಥ ದೊಡ್ಡ ಕಂಪನಿಗೆ ಟಿಕೆಟ್ ಕೊಟ್ರೆ ಅದು ದಂಡ. ಅದಕ್ಕೇ ವಹಿವಾಟಿನ ಮಿತಿ ಅಂತ ಇರೋದು. ಒಂದೇ ಮೇಳಕ್ಕೆ ಮೂರು ಸಲಕ್ಕಿಂತ ಹೆಚ್ಚು ನೆರವಿಲ್ಲ ಅಂತ ಹಳೆಯ ಎಂಡಿಎ ಯೋಜನೆಯಲ್ಲಿ ಒಂದು ನಿಯಮವೂ ಇತ್ತು. ಮೂರು ಸಲ ಕೈ ಹಿಡಿದು ನಡೆಸ್ತೀವಿ, ಆಮೇಲೆ ನಿನ್ನ ಕಾಲು, ನಿನ್ನ ದಾರಿ. ನನಗೆ ಇದು ತುಂಬಾ ಹಿಡಿಸಿತು. ಆದ್ರೆ ಮೊದಲು ಖರ್ಚು ಮಾಡು ಅಂದಾಗಲೇ ಒಡವೆ ಕೂಡ ಇಲ್ಲದವನು ಆಚೆ ಉಳಿದುಹೋಗ್ತಾನೆ. ಇಂಗ್ಲಿಷ್ ಅರ್ಜಿ ಓದೋಕೆ ಅಣ್ಣ ಇಲ್ಲದವನೂ ಅಷ್ಟೇ.

ಎರಡನೇದು ನಮ್ಮ ಕೈಲಿದೆ. ಹದಿನಾಲ್ಕನೇ ಕಾಲಂ ಇರೋದೇ ಅದಕ್ಕೆ.

ರಾಜ ಊರೋರಿಗೆಲ್ಲ ರಾತ್ರಿ ಒಂದೊಂದು ತಂಬಿಗೆ ಹಾಲು ತಂದು ಕೊಳಕ್ಕೆ ಸುರೀರಿ ಅಂದ ಕತೆ ನಿಮಗೆ ಗೊತ್ತು. ಬೆಳಗ್ಗೆ ನೋಡಿದ್ರೆ ಕೊಳದ ತುಂಬ ನೀರು. ಚಿಕ್ಕವರಿದ್ದಾಗ ಈ ಕತೆಯಲ್ಲಿ ನಮಗೆ ನಗು ಬರ್ತಿದ್ದಿದ್ದು ಊರೋರ ಜಾಣತನಕ್ಕೆ. ಈಗ ನನಗೆ ರಾಜನ ಚಿಂತೆ. ಅವನು ಆ ಕೊಳ ನಂಬಿ ಏನು ಮಾಡಬೇಕು ಅಂತಿದ್ನೋ. ನೂರು ಜನ ಐವತ್ತೈವತ್ತು ಸಾವಿರ ಡಾಲರ್ ಅಂತ ಬರೆದ್ರೆ, ದೆಹಲಿಯಲ್ಲಿ ಕೂತ ಅಧಿಕಾರಿಗೆ ಆ ಮೇಳ ಭರ್ಜರಿಯಾಗಿ ನಡೀತು ಅಂತಲೇ ಕಾಣುತ್ತೆ. ಮುಂದಿನ ವರ್ಷ ಇನ್ನೂ ಇನ್ನೂರು ಜನರನ್ನ ಅಲ್ಲಿಗೇ ಕಳಿಸ್ತಾನೆ. ಅವರಲ್ಲೂ ಕೆಲವರು ಒಡವೆ ಅಡವಿಟ್ಟು ಹೋಗ್ತಾರೆ. ತಮ್ಮನ ಸುಳ್ಳಿಗೆ ಬೆಲೆ ಕೊಡೋದು ಸರ್ಕಾರ ಅಲ್ಲ, ಅವನಂಥದ್ದೇ ಇನ್ನೊಬ್ಬ ಬೆಲ್ಲದವನು.

ಇದಕ್ಕೆ ಒಂದು ಗಟ್ಟಿ ಎದುರುವಾದ ಇದೆ, ತಮ್ಮನೇ ಹಾಕಿದ. "ಡೈರೀಲಿ ಲ್ಯಾಕ್ಟೋಮೀಟರ್ ಐತೆ ಅಣ್ಣ, ನೀರು ಹಾಕ್ದೋನು ಸಿಕ್ಕಾಕ್ಕತ್ತಾನೆ. ಇಲ್ಲಿ ಯಾವ ಮೀಟರ್ ಐತೆ? ನಾನೊಬ್ಬ ಹಾಲು ಸುರಿದ್ರೆ ಎಲ್ರಿಗೂ ನನ್ನ ತಂಬಿಗೆನೇ ಸಣ್ಣದಾಗಿ ಕಾಣ್ತದೆ." ಮುಂದಿನ ಸಲ ಆಯ್ಕೆ ಮಾಡೋವಾಗ ಸೊನ್ನೆಯವನನ್ನ ಬಿಟ್ಟು ಐವತ್ತು ಸಾವಿರದವನನ್ನ ಕರೆದ್ರೆ? ನನ್ನ ಹತ್ರ ಇದಕ್ಕೆ ಉತ್ತರ ಇರಲಿಲ್ಲ, ಈಗಲೂ ಇಲ್ಲ. ನಿಜ ಹೇಳಿದವನಿಗೆ ನಷ್ಟ ಆಗಲ್ಲ ಅಂತ ಮಾತು ಕೊಡೋಕೆ ನಾನು ಯಾರು? ಪ್ರತಿ ಸೋಮವಾರ ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣ ಹಾಕಿ, ಒಳಗೆ ಕೋಡ್ ಇನ್ನೂ ಕಂಪೈಲ್ ಕೂಡ ಆಗದೆ ಇರೋ ಎಷ್ಟು ವಾರಗಳನ್ನ ನಾನು ದಾಟಿಸಿಲ್ಲ. ನನ್ನ ಮ್ಯಾನೇಜರೂ ಹಸಿರು ಹಾಕ್ತಾರೆ, ಅವರ ಮೇಲಿನವರೂ ಹಾಕ್ತಾರೆ. ಆ ಹಸಿರಿಗೆ ಬೆಲೆ ಕೊಟ್ಟವರು ರಾತ್ರಿ ಕೂತು ಸರಿಮಾಡಿದ ಜೂನಿಯರ್ ಹುಡುಗರು. ಹಾಗಾಗಿ ಅವತ್ತು ಫೋನಿನಲ್ಲಿ ಉಪದೇಶ ಮಾಡೋಕೆ ಬಾಯಿ ಬರಲಿಲ್ಲ.

ಬದಲಿಗೆ, "ಆ ಮೂವತ್ತೇಳು ಜನ ಏನಂದ್ರು, ಒಬ್ಬೊಬ್ರುದೂ ಹೇಳು" ಅಂದೆ.

ಆಗ ಅವನ ದನಿಯೇ ಬೇರೆಯಾಯ್ತು. ಒಬ್ಬ ಅಂಗಡಿಯವನು ಪ್ಯಾಕೆಟ್ ತಿರುಗಿಸಿ ನೋಡಿ, ಅರಬ್ಬಿ ಲೇಬಲ್ ಎಲ್ಲಿ ಅಂದನಂತೆ. ಅದಿಲ್ಲದೆ ಅಲ್ಲಿ ಮಾರೋ ಹಾಗೇ ಇಲ್ಲ, ಇವನಿಗೆ ಗೊತ್ತಿರಲಿಲ್ಲ. ಒಬ್ಬ ಮಲಯಾಳಿ ಸಗಟು ವ್ಯಾಪಾರಿ ಪುಡಿಯನ್ನ ಬೆರಳಲ್ಲಿ ಉಜ್ಜಿ, ಸಮುದ್ರದ ಪಕ್ಕದ ಗೋಡೌನಿನಲ್ಲಿ ಇದು ಒಂದು ತಿಂಗಳಿಗೆ ಗಂಟು ಕಟ್ಟುತ್ತೆ, ಒಳಗಿನ ಪ್ಯಾಕಿಂಗ್ ಬದಲಾಯಿಸು ಅಂದ. ಒಬ್ಬಾಕೆ ಹೋಟೆಲಿನವರು ಟೀ ಜೊತೆ ಕೊಡೋಕೆ ಸಣ್ಣ ಪೊಟ್ಟಣ ಇದೆಯಾ ಅಂತ ಕೇಳಿದ್ರು. ಇವನ ಹತ್ರ ಇದ್ದದ್ದು ಒಂದು ಕೆಜಿಯದ್ದು ಮಾತ್ರ. ಬಣ್ಣ ಯಾಕೆ ಕಪ್ಪು ಅಂತ ಮಾತ್ರ ಅಲ್ಲಿ ಯಾರೂ ಕೇಳಲಿಲ್ಲವಂತೆ. ಅದನ್ನ ಹೇಳೋವಾಗ ನಕ್ಕ.

ಮೌಲ್ಯದ ಕಾಲಂನಲ್ಲಿ ಸೊನ್ನೆ ಬರೆದ್ವಿ. ವಿಚಾರಿಸಿದವರು 37, ವಾಪಸ್ ಬಂದ ಮೇಲೆ ಮೇಲ್‌ಗೆ ಉತ್ತರ ಕೊಟ್ಟವರು 2. ಕೊನೆಯಲ್ಲಿ 'ಇತರೆ' ಅಂತ ಎರಡು ಗೆರೆಯ ಜಾಗ ಇತ್ತು, ಸಾಲಲಿಲ್ಲ. ಇನ್ನೊಂದು ಹಾಳೆಯಲ್ಲಿ ಲೇಬಲ್ಲು, ಗಂಟು, ಪೊಟ್ಟಣ ಎಲ್ಲ ಬರೆದು ಪಿನ್ ಹೊಡೆದ. "ಇದನ್ನ ಯಾರಾದ್ರೂ ಓದ್ತಾರಾ ಅಣ್ಣ?" ಅಂದ. ಗೊತ್ತಿಲ್ಲ ಅಂದೆ. ಆ ಹಾಳೆಯ ಒಂದು ಜೆರಾಕ್ಸನ್ನ ಪಕ್ಕದೂರಲ್ಲಿ ಬೆಲ್ಲದ ಪುಡಿ ಮಾಡೋ ಇನ್ನೊಬ್ಬನಿಗೆ ಕೊಟ್ಟನಂತೆ. ಅವನು ಈ ವರ್ಷ ಐಇಸಿ ಮಾಡಿಸಿದ್ದಾನೆ.

ಹಣ ಬರೋಕೆ ಸುಮಾರು ತಿಂಗಳು ಹಿಡೀತು. ಬಂತು, ಎಲ್ಲರಿಗೂ ಬರೋ ಹಾಗೆ, ಒಂದಿಷ್ಟು ಕಡಿತವಾಗಿ. ಒಡವೆ ಬಿಡಿಸೋಕೆ ಕಡಿಮೆ ಬಿದ್ದದ್ದನ್ನ ಆಲೆಮನೆಯೇ ಕೊಡ್ತು. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಇದೆಲ್ಲ ವಿವರಿಸಿದೆ. ಸುಮ್ಮನೆ ಕೇಳಿಸ್ಕೊಂಡು ಕೊನೆಗೆ ಕೇಳಿದ್ರು:

"ಲೇಬಲ್ ಅಂಟಿಸ್ಬೇಕು ಅಂತ ತಿಳ್ಕಳಕ್ಕೆ ದುಬೈಗೆ ಹೋಗ್ಬೇಕಿತ್ತಾ?"

ತಮ್ಮ ಒಳಗಿಂದಲೇ ಕೂಗಿದ, "ಹೂಂ ದೊಡ್ಡಪ್ಪ, ಹೋಗ್ಬೇಕಿತ್ತು."